ಕೆಸರಿನ ತಳದ ಚೇಳುಮೀನು: ಮುಳ್ಳು ಚುಚ್ಚಿದರೆ ಏನು ಮಾಡಬೇಕು?

ಬೀಳಗಿ: ವಿಷದ ಮೀನು ಅಂದ್ರೆ ಸಮುದ್ರದ್ದು ಅಂತ ಬಹಳ ಮಂದಿ ತಿಳಿದಿದ್ದಾರೆ. ಸಮುದ್ರದ ಕಲ್ಲುಮೀನು ಬೆನ್ನಿನ ಮುಳ್ಳಿನಲ್ಲಿ ವಿಷ ಇಟ್ಟುಕೊಂಡು ತಳದಲ್ಲಿ ಅಲುಗಾಡದೆ ಬಿದ್ದಿರುವುದು ನಿಜ. ಆದರೆ ಸಿಹಿನೀರಿನಲ್ಲೂ ಅಂಥದ್ದೊಂದು ಇದೆ. ಅದೇ ಚೇಳುಮೀನು. ಹಿಂದಿಯಲ್ಲಿ ಸಿಂಘಿ ಅಂತಾರೆ. ಕೃಷ್ಣಾ ಮತ್ತು ಅದರ ಉಪನದಿಗಳ ಸೀಮೆಯಲ್ಲೂ ಇದರ ವಾಸವಿದೆ. ಹೀಗಾಗಿ ಅನಗವಾಡಿ ಸುತ್ತಲಿನ ಘಟಪ್ರಭಾ ದಂಡೆ, ಆಲಮಟ್ಟಿ ಹಿನ್ನೀರಿನಲ್ಲಿ ಬಲೆ ಬೀಸುವವರು, ಸಂತೆಯಲ್ಲಿ ಮೀನು ಮಾರುವವರು ಇದನ್ನು ಗುರುತು ಹಿಡಿಯುವುದು ಒಳ್ಳೆಯದು.

ಗುರುತು ಹೇಗೆ?
ಮೈಗೆ ಹುರುಪೆ ಇಲ್ಲ, ಬಣ್ಣ ಕಪ್ಪು-ಕಂದು. ತಲೆ ಚಪ್ಪಟೆ, ಬಾಯಿ ಸುತ್ತ ನಾಲ್ಕು ಜೋಡಿ ಮೀಸೆ. ಬೆನ್ನಿನ ರೆಕ್ಕೆ ತೀರಾ ಸಣ್ಣದು, ಹೊಟ್ಟೆ ಕೆಳಗಿನ ರೆಕ್ಕೆ ಬಾಲದ ತನಕ ಉದ್ದ. ಸಾಮಾನ್ಯವಾಗಿ ಒಂದು ಅಡಿಯೊಳಗೇ ಇರುತ್ತದೆ.

ಬದುಕುವ ರೀತಿ
ಕೆರೆ, ಹೊಂಡ, ನಿಂತ ನೀರಿನ ತಳದ ರಾಡಿಯೇ ಇದರ ಮನೆ. ರಾತ್ರಿ ಹೊತ್ತು ಹುಳ, ಸಣ್ಣ ಜೀವಿ ಹುಡುಕಿ ತಿನ್ನುತ್ತದೆ. ಕಿವಿರಿನ ಹಿಂದೆ ಬೆನ್ನೆಲುಬಿನ ಎರಡೂ ಬದಿ ಗಾಳಿಚೀಲಗಳಿವೆ. ಆಗಾಗ ಮೇಲೆ ಬಂದು ಗಾಳಿ ನುಂಗುವುದರಿಂದ ನೀರು ಕೆಟ್ಟರೂ ಬದುಕುತ್ತದೆ, ಬುಟ್ಟಿಯಲ್ಲೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಮರಿ ಮಾಡುವುದು ಮಳೆಗಾಲದಲ್ಲಿ.

ವಿಷ ಎಲ್ಲಿದೆ?
ತಲೆಯ ಹಿಂದೆ, ಎಡ-ಬಲ ರೆಕ್ಕೆಯಲ್ಲಿ ಒಂದೊಂದು ಗಟ್ಟಿ ಮುಳ್ಳು ಇದೆ. ಮುಳ್ಳಿನ ಮೇಲಿನ ಚರ್ಮದಲ್ಲೇ ವಿಷ. ಚುಚ್ಚಿದಾಗ ಚರ್ಮ ಹರಿದು ವಿಷ ಗಾಯಕ್ಕೆ ಇಳಿಯುತ್ತದೆ. ಕೂಡಲೇ ಸಿಡಿಯುವ ನೋವು, ಬಾವು ಬರುತ್ತದೆ. ಸತ್ತ ಮೀನಿನ ಮುಳ್ಳನ್ನೂ ಹಗುರವಾಗಿ ನೋಡಬಾರದು. ಮಾಂಸದಲ್ಲಿ ವಿಷ ಇಲ್ಲ, ಬೇಯಿಸಿ ತಿನ್ನಬಹುದು. ಸ್ವಚ್ಛ ಮಾಡುವ ಮುಂಚೆ ಇಕ್ಕಳದಿಂದ ಎರಡೂ ಮುಳ್ಳು ಮುರಿದು ತೆಗೆದರೆ ಆಯ್ತು.

ಚುಚ್ಚಿದರೆ
* ಗಾಯ ತೊಳೆದು, ಮೇಲೆ ಕಾಣುವ ಮುಳ್ಳಿನ ಚೂರು ತೆಗೆಯಿರಿ.
* ತಾಳುವಷ್ಟು ಬಿಸಿ ನೀರಿನಲ್ಲಿ (45 ಡಿಗ್ರಿ ಸೆಲ್ಸಿಯಸ್ ದಾಟದಂತೆ) 30ರಿಂದ 90 ನಿಮಿಷ ಅದ್ದಿಡಿ. ಬಿಸಿಗೆ ನೋವು ಇಳಿಯುತ್ತದೆ. ಗಾಯವಾದ ಕೈಗೆ ಬಿಸಿ ಸರಿಯಾಗಿ ತಿಳಿಯದೆ ಇರಬಹುದು, ಅದಕ್ಕೇ ಮೊದಲು ಇನ್ನೊಂದು ಕೈ ಇಟ್ಟು ನೋಡಿ.
* ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ.
* ದವಾಖಾನೆಗೆ ಹೋಗಿ ಧನುರ್ವಾಯು ಇಂಜೆಕ್ಷನ್ ಬಗ್ಗೆ ಕೇಳಿ. ಹಾವಿನ ವಿಷದ ಔಷಧ ಇದಕ್ಕೆ ನಡೆಯುವುದಿಲ್ಲ.

ಮುಳ್ಳಿನ ತುಂಡು ಒಳಗೆ ಉಳಿದರೆ ಗಾಯ ಕೀವಾಗುತ್ತದೆ. ಉಸಿರಾಟಕ್ಕೆ ತೊಂದರೆ, ತಲೆಸುತ್ತು ಬಂದರೆ ಅಥವಾ ಬಾವು ಏರುತ್ತಾ ಹೋದರೆ ಮನೆಮದ್ದು ಅಂತ ಕೂಡಬೇಡಿ, ತಡಮಾಡದೆ ವೈದ್ಯರಿಗೆ ತೋರಿಸಿ.