ಚಿಪ್ಪು, ಖಡ್ಗ, ತಲೆಬುರುಡೆ

ಹದಿನೇಳನೆಯ ಶತಮಾನದಲ್ಲಿ ಡಚ್ಚರ ನಾಡಿನ ಮೇಲೆ ಲಕ್ಷ್ಮಿಯ ಕಟಾಕ್ಷ ಬಿದ್ದಿತು. 1602ರಲ್ಲಿ ಸ್ಥಾಪನೆಯಾದ ಅವರ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮಲಬಾರಿನ ಮೆಣಸು, ಚೀನಾದ ಪಿಂಗಾಣಿ, ಬಾಂಡಾ ದ್ವೀಪಗಳ ಜಾಯಿಕಾಯಿ ಹೊತ್ತು ತಾಯ್ನಾಡಿಗೆ ಮರಳುತ್ತಿದ್ದವು. ಆ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ 1621ರಲ್ಲಿ ಬಾಂಡಾದ ಜನರ ಮಾರಣಹೋಮವೇ ನಡೆಯಿತು. ಆಮ್‌ಸ್ಟರ್‌ಡ್ಯಾಮಿನ ವರ್ತಕರ ಊಟದ ಮೇಜಿನ ಮೇಲೆ ಆ ನೆತ್ತರಿನ ಕಲೆ ಕಾಣುತ್ತಿರಲಿಲ್ಲ.

ಕ್ಯಾಲ್ವಿನ್ ಪಂಥ ನೆಲೆಗೊಂಡ ಮೇಲೆ ಚರ್ಚಿನ ಗೋಡೆಗಳಿಂದ ಚಿತ್ರಗಳು ಇಳಿದಿದ್ದವು. ಚಿತ್ರಕಾರನಿಗೆ ಇನ್ನು ಸಿರಿವಂತರ ಮನೆಯೇ ಆಶ್ರಯ. ಅನ್ನ ಕೊಟ್ಟವನ ಗೋಡೆಯ ಮೇಲೆಯೇ ಅವನ ಸಿರಿಯನ್ನು ಪ್ರಶ್ನಿಸುವ ಕಲೆಯೊಂದು ಲೈಡನ್ ನಗರದಲ್ಲಿ ಬೆಳೆಯಿತು. ಅದೇ ವ್ಯಾನಿಟಾಸ್ ಚಿತ್ರಗಳ ಪರಂಪರೆ.

ಹಾರ್ಮೆನ್ ಸ್ಟೇನ್‌ವೈಕ್ ಸುಮಾರು 1640ರಲ್ಲಿ ಬರೆದ ಒಂದು ಚಿತ್ರ ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮೇಜಿನ ಮೇಲೆ ದೂರದ ಕಡಲಿನಿಂದ ಬಂದ ಚಿಪ್ಪು, ಜಪಾನಿನ ಖಡ್ಗ, ಗಡಿಯಾರ, ಪುಸ್ತಕಗಳು, ವಾದ್ಯಗಳು ಇವೆ. ದೀಪ ಈಗಷ್ಟೇ ಆರಿದೆ. ಮೇಲಿಂದ ಓರೆಯಾಗಿ ಇಳಿಯುವ ಬೆಳಕು ಇವೆಲ್ಲವನ್ನೂ ಬಿಟ್ಟು ನಡುವಿನ ತಲೆಬುರುಡೆಯ ಮೇಲೆ ಬೀಳುತ್ತದೆ. ಚಿಪ್ಪಿನ ನುಣುಪನ್ನು ಕಲಾವಿದ ಎಷ್ಟು ಅಕ್ಕರೆಯಿಂದ ಬರೆದಿದ್ದಾನೆಂದರೆ ನೋಡುವವನ ಕೈ ತಾನಾಗಿ ಅತ್ತ ಚಾಚಬೇಕು. ಚಾಚಿದ ಕೈಗೆ ಎದುರಾಗುವುದು ಆ ಬುರುಡೆ. ದುಡ್ಡು ಕೊಟ್ಟು ಕೊಳ್ಳುವ ಚಿತ್ರವೂ ಒಂದು ಸೊತ್ತೇ ಅಲ್ಲವೇ, ಈ ಉಪದೇಶ ಬೂಟಾಟಿಕೆಯಲ್ಲವೇ ಎಂದು ಕೇಳುವವರುಂಟು. ನಾನು ಹಾಗೆ ಭಾವಿಸಲಾರೆ. ವಸ್ತುವಿನ ಸೊಬಗಿಗೆ ಮನಸೋತವನು ಹೇಳಿದ ಎಚ್ಚರಿಕೆ ಅದನ್ನು ಹಳಿಯುವವನ ಮಾತಿಗಿಂತ ಆಳಕ್ಕೆ ಇಳಿಯುತ್ತದೆ.

ಎಚ್ಚರಿಕೆಗೆ ಕಾರಣವೂ ಇತ್ತು. ಆ ಜನ ಟುಲಿಪ್ ಗೆಡ್ಡೆಗಳ ಹುಚ್ಚಿಗೆ ಬಿದ್ದಿದ್ದರು. ಎಸಳುಗಳ ಮೇಲೆ ಜ್ವಾಲೆಯಂತೆ ಹರಿದ ಬಣ್ಣದ ಗೆರೆಗಳಿಗೆ ಎಲ್ಲಿಲ್ಲದ ಬೆಲೆ. ಅವು ವೈರಸ್ ತಂದ ರೋಗದ ಗುರುತೆಂದು ಅಂದು ಯಾರಿಗೂ ತಿಳಿದಿರಲಿಲ್ಲ. ಗೆಡ್ಡೆ ಇನ್ನೂ ಮಣ್ಣಿನೊಳಗಿರುವಾಗಲೇ ಪಾನಗೃಹಗಳಲ್ಲಿ ಕರಾರುಗಳು ಕೈಬದಲಾಗುತ್ತಿದ್ದವು. 1637ರ ಫೆಬ್ರವರಿಯಲ್ಲಿ ಹಾರ್ಲೆಮ್ ನಗರದಲ್ಲಿ ಕೊಳ್ಳುವವರೇ ಇಲ್ಲವಾದರು, ಬೆಲೆ ನೆಲಕಚ್ಚಿತು. ಕೆಲವು ವರ್ಷಗಳಲ್ಲಿ ಆಂಟ್‌ವರ್ಪಿನ ಕಿರಿಯ ಯಾನ್ ಬ್ರೂಗೆಲ್ ಈ ವ್ಯಾಪಾರಿಗಳನ್ನೆಲ್ಲ ಮಂಗಗಳಾಗಿ ಚಿತ್ರಿಸಿದ. ಒಂದು ಮಂಗ ಗೆಡ್ಡೆ ತೂಗುತ್ತಿದೆ, ಇನ್ನೊಂದು ಹಣ ಎಣಿಸುತ್ತಿದೆ, ಮತ್ತೊಂದು ಹೂಗಳ ಮೇಲೆ ಮೂತ್ರ ಮಾಡುತ್ತಿದೆ. ಸಾಲಗಾರ ಮಂಗವನ್ನು ನ್ಯಾಯಾಧೀಶನೆದುರು ಎಳೆತಂದಿದ್ದಾರೆ. ಆ ಚಿತ್ರ ಈಗ ಹಾರ್ಲೆಮ್‌ನಲ್ಲಿಯೇ, ಫ್ರಾನ್ಸ್ ಹಾಲ್ಸ್ ವಸ್ತುಸಂಗ್ರಹಾಲಯದಲ್ಲಿದೆ.

ಕಲಾವಿದರೇನೂ ಈ ಮೋಹದಿಂದ ಪಾರಾದವರಲ್ಲ. ಲೈಡನ್ನಿನಲ್ಲೇ ಹುಟ್ಟಿದ ರೆಂಬ್ರಾಂಟ್ 1639ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 13,000 ಗಿಲ್ಡರಿಗೆ ಭಾರಿ ಮನೆ ಕೊಂಡ; ಚಿಪ್ಪು, ಆಯುಧ, ಶಿಲ್ಪಗಳಿಂದ ಅದನ್ನು ತುಂಬಿದ. 1650ರಲ್ಲಿ ಅವನು ತಾಮ್ರದ ಫಲಕದ ಮೇಲೆ ಕೊರೆದ ಶಂಕುವಿನಾಕಾರದ ಚಿಪ್ಪಿನ ಎಚ್ಚಿಂಗ್ ನೋಡಿದವರಿಗೆ ಆ ಆಸೆಯ ಆಳ ತಿಳಿಯುತ್ತದೆ. 1656ರಲ್ಲಿ ಅವನು ದಿವಾಳಿಯಾದ. ಅಧಿಕಾರಿಗಳು ಕೋಣೆ ಕೋಣೆ ಹೊಕ್ಕು ಮಾಡಿದ ಪಟ್ಟಿಯಲ್ಲಿ 363 ನಮೂದುಗಳಿದ್ದವು. ಸಂಗ್ರಹವೆಲ್ಲ ಹರಾಜಾಯಿತು, 1658ರಲ್ಲಿ ಮನೆಯೂ ಹೋಯಿತು. 1669ರಲ್ಲಿ ಅವನು ತೀರಿಕೊಂಡದ್ದು ಅದೇ ಊರಿನ ಒಂದು ಬಾಡಿಗೆ ಮನೆಯಲ್ಲಿ.