ಸ್ವದೇಶ ಮತ್ತು ಸರ್ಕಾರ

ಸ್ವದೇಶದ ಸರ್ಕಾರವು ಪ್ರಜೆಗಳ ಬಾಯಿ ಕಟ್ಟಿದಾಗ, ಹೊರನಾಡಿನಲ್ಲಿರುವವರು ಅದನ್ನು ಅನ್ಯರಾಷ್ಟ್ರದ ಮುಂದೆ ನಿವೇದಿಸುವುದು ದ್ರೋಹವೇ? 1975ರ ಜೂನ್ 25ರಂದು ಘೋಷಿತವಾದ ತುರ್ತುಪರಿಸ್ಥಿತಿಯು ಅಮೆರಿಕದ ಭಾರತೀಯರ ಮುಂದೆ ಈ ಪ್ರಶ್ನೆಯನ್ನಿಟ್ಟಿತು. ‘ಇಂಡಿಯನ್ಸ್ ಫಾರ್ ಡೆಮಾಕ್ರಸಿ’ ಎಂಬ ಸಂಘಟನೆ ಹುಟ್ಟಿತು, ಕನ್ನಡಿಗರಾದ ಎಸ್. ಆರ್. ಹಿರೇಮಠರು ಅದರಲ್ಲಿ ಪ್ರಮುಖರು. ಸದಸ್ಯರು ಬಹಿರಂಗವಾಗಿ ಪ್ರತಿಭಟಿಸಿದರು. ಕೆಲವರ ಪಾಸ್‌ಪೋರ್ಟುಗಳನ್ನು ಭಾರತ ಸರ್ಕಾರವು ರದ್ದುಪಡಿಸಿತು. 1976ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಭಾರತದಲ್ಲಿನ ಮಾನವ ಹಕ್ಕುಗಳ ಕುರಿತು ವಿಚಾರಣೆ ನಡೆಸಿತು.

ನಿರಂಕುಶ ಸರ್ಕಾರದೊಡನೆ ಬಾಂಧವ್ಯವನ್ನು ಕುಗ್ಗಿಸಿರೆಂದು ಕೇಳುವಲ್ಲಿ ವಿವೇಕ ಬೇಕು. ನೆರವು ನಿಂತರೆ ಪೆಟ್ಟು ಆಳುವವರಿಗಿಂತ ಮೊದಲು ಬಡವರಿಗೆ ತಾಗಬಹುದು. ಆದರೆ ಮೌನವೂ ನಿರ್ದೋಷವಲ್ಲ. ತತ್ತ್ವಾರ್ಥಸೂತ್ರವು ‘ವಿರುದ್ಧರಾಜ್ಯಾತಿಕ್ರಮ’ವನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಆ ದೋಷವು ಅನ್ಯಾಯದ ಲಾಭಕ್ಕೆ ಸಂಬಂಧಿಸಿದ್ದು. ಸತ್ಯವಚನಕ್ಕೆ ಅದು ತಗಲದು.

1977ರಲ್ಲಿ ಭಾರತದ ಮತದಾರರೇ ತೀರ್ಪಿತ್ತರು. ಹಿರೇಮಠರು ತಾಯ್ನಾಡಿಗೆ ಮರಳಿ, 1984ರಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿದರು. ಕಡರನಾಯಕನಹಳ್ಳಿಯಂಥ ಗ್ರಾಮಗಳಿರುವ ಹರಿಹರ ಸೀಮೆಯಲ್ಲಿ, ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಮಲಿನವಾಗುವುದರ ವಿರುದ್ಧ ಆ ಸಂಸ್ಥೆಯು ಹೋರಾಡಿತು. ದೂರದಲ್ಲಿದ್ದು ಸರ್ಕಾರವನ್ನು ಖಂಡಿಸಿದವರ ದೇಶಪ್ರೇಮವನ್ನು ಸಂದೇಹಿಸುವವರು ಈ ನದೀತೀರದ ಹೋರಾಟವನ್ನೂ ನೆನೆಯಬೇಕು.