ಜರ್ಮನರ 'ಜೀ', ನಮ್ಮ 'ತಾವು'

ಮಲೆಮಹದೇಶ್ವರ ಬೆಟ್ಟ ಹತ್ತುವ ಭಕ್ತ ಮಾದಪ್ಪನನ್ನು 'ನೀನೇ ಕಾಪಾಡಪ್ಪ' ಎಂದು ಬೇಡುತ್ತಾನೆ. ಅದೇ ಭಕ್ತ ಚಾಮರಾಜನಗರದ ಕಚೇರಿಯೊಂದರಲ್ಲಿ ಅಧಿಕಾರಿಯ ಮುಂದೆ ನಿಂತಾಗ 'ತಾವು ದೊಡ್ಡ ಮನಸ್ಸು ಮಾಡಬೇಕು' ಎನ್ನುತ್ತಾನೆ. ದೇವರಿಗೆ ಏಕವಚನ, ಅಧಿಕಾರಿಗೆ ಬಹುವಚನ! ಈ ಸೋಜಿಗ ನಮ್ಮಲ್ಲಿ ಮಾತ್ರವಲ್ಲ, ಜರ್ಮನ್ ಭಾಷೆಯಲ್ಲೂ ಇದೆ. ಅಲ್ಲಿ ದೇವರು, ತಾಯಿ, ಗೆಳೆಯ, ಮಗು ಎಲ್ಲರಿಗೂ 'ಡೂ', ಅಂದರೆ ನೀನು. ಪರಿಚಯವಿಲ್ಲದ ಹಿರಿಯರಿಗೆ 'ಜೀ'.

ಈ 'ಜೀ'ಯನ್ನು ನಾವು 'ನೀವು' ಎಂದು ಅನುವಾದಿಸುತ್ತೇವೆ. ಆದರೆ ಅದರ ಮೂಲಾರ್ಥ 'ಅವರು'. ಹಿಂದೆ ಜರ್ಮನರು ಗೌರವಕ್ಕೆ ನಮ್ಮ 'ನೀವು'ವಿನಂತೆ ಮಧ್ಯಮ ಪುರುಷದ ಬಹುವಚನವಾದ 'ಈರ್' ಬಳಸುತ್ತಿದ್ದರು. ಅದೂ ಸಾಲದೆನಿಸಿದಾಗ ಪ್ರಥಮ ಪುರುಷಕ್ಕೆ ಸರಿದರು. ನಮ್ಮ 'ತಾವು' ಕೂಡ ಹಾಗೆಯೇ. 'ಅವರು ತಾವೇ ಬಂದರು' ಎನ್ನುವಾಗಿನ 'ತಾವು'ವೇ ಎದುರಿಗಿರುವವರಿಗೆ ಸಲ್ಲುವ ಗೌರವವಾಯಿತು. ಎದುರಿಗಿದ್ದವರನ್ನು ದೂರದವರಂತೆ ಕಂಡರೆ ಮರ್ಯಾದೆ ಹೆಚ್ಚು ಎಂಬ ಭಾವನೆ ಎರಡೂ ಕಡೆ ಬೆಳೆದಿದೆ.

ಎರಡು ಭಾಷೆಗಳನ್ನೂ ಬಲ್ಲ ವಿದ್ವಾಂಸರು ನಮಗೆ ಹೊಸಬರಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಆರಂಭಿಸಿದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ 1903ರಲ್ಲಿ ಕನ್ನಡ ವ್ಯಾಕರಣವನ್ನೂ ಕೊಟ್ಟರು. ಅವರು ನಡೆದ ದಾರಿಯಲ್ಲಿ ನಾವು ಎದುರು ದಿಕ್ಕಿನಿಂದ ಹೊರಟರೆ ಏನು ಸಿಗುತ್ತದೆ?

ಗುಂಡ್ಲುಪೇಟೆಯ ವಿದ್ಯಾರ್ಥಿಗೆ ವಿಭಕ್ತಿ ಹೊಸದಲ್ಲ. ಜರ್ಮನ್‌ನಲ್ಲಿ ಇರುವುದು ನಾಲ್ಕೇ: ಪ್ರಥಮಾ, ದ್ವಿತೀಯಾ, ಚತುರ್ಥಿ, ಷಷ್ಠಿ. ನಮ್ಮಲ್ಲಿ ಪದದ ಕೊನೆಗೆ 'ಅನ್ನು', 'ಗೆ' ಸೇರಿದರೆ, ಅಲ್ಲಿ ಮುಖ್ಯವಾಗಿ ಪದದ ಹಿಂದಿನ 'ಡೆರ್' ಎಂಬುದು 'ಡೆನ್', 'ಡೆಮ್', 'ಡೆಸ್' ಎಂದು ಬದಲಾಗುತ್ತದೆ. ಹುಡುಗಿ ಎಂಬರ್ಥದ 'ಮೇಡ್‌ಷೆನ್' ನಪುಂಸಕ ಲಿಂಗವೆಂದು ನಗುವ ಮೊದಲು ನಮ್ಮ 'ಕೂಸು ಅತ್ತಿತು' ಎಂಬುದನ್ನು ನೆನೆಯಬೇಕು. 'ವೈಲ್' (ಏಕೆಂದರೆ) ಎಂದು ಆರಂಭವಾಗುವ ಉಪವಾಕ್ಯದಲ್ಲಂತೂ ಕ್ರಿಯಾಪದ ಕನ್ನಡದಂತೆ ಕೊನೆಗೇ ಬರುತ್ತದೆ.

ಕಷ್ಟದ ಪಾಠ ಸಂಬೋಧನೆಯದು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮುದುಕನಾದ ಆಳು ಒಡೆಯನನ್ನು 'ಬುದ್ಧೀ' ಎನ್ನುತ್ತಿದ್ದ. ಒಡೆಯನ ಮನೆಯ ಚಿಕ್ಕ ಹುಡುಗ ಅವನನ್ನು 'ಬಾರೋ' ಎನ್ನುತ್ತಿದ್ದ. ಜರ್ಮನಿಯ ದೊಡ್ಡ ಮನೆಗಳಲ್ಲೂ ಕೆಲಸದವರಿಗೆ ಇಂಥ ಸ್ಥಿತಿಯಿತ್ತು. ಈಗ ಅಲ್ಲಿ ಅಪರಿಚಿತ ವಯಸ್ಕರ ನಡುವೆ 'ಜೀ' ಎರಡೂ ಕಡೆಯಿಂದ ಸಲ್ಲುತ್ತದೆ. 'ಡೂ' ಎನ್ನೋಣವೇ ಎಂದು ಮೊದಲು ಕೇಳುವುದು ಸಾಮಾನ್ಯವಾಗಿ ಹಿರಿಯರು. ಮದುವೆಯಾಗದ ಹೆಣ್ಣನ್ನು ಬೇರೆಯಾಗಿ ಗುರುತಿಸುತ್ತಿದ್ದ 'ಫ್ರಾಯ್ಲೈನ್' ಪದವನ್ನು ಪಶ್ಚಿಮ ಜರ್ಮನಿಯ ಒಳಾಡಳಿತ ಸಚಿವಾಲಯ 1972ರಲ್ಲಿ ತನ್ನ ವ್ಯವಹಾರದಿಂದ ಕೈಬಿಟ್ಟಿತು. ವಯಸ್ಕ ಸ್ತ್ರೀಯರೆಲ್ಲರೂ 'ಫ್ರೌ' ಆದರು.

ವಿಭಕ್ತಿ ತಪ್ಪಿದರೆ ಕೇಳಿದವರು ನಕ್ಕು ತಿದ್ದುತ್ತಾರೆ. ಸಂಬೋಧನೆ ತಪ್ಪಿದರೆ ಮನಸ್ಸು ನೋಯುತ್ತದೆ. ಜರ್ಮನ್ ಕಲಿಯಲು ಹೊರಟವರು 'ಜೀ'ಯ ಪಾಠ ಮುಗಿಸಿ, ತಮ್ಮ ಊರಿನಲ್ಲಿ ತಾವು ಯಾರಿಗೆ 'ನೀವು' ಎನ್ನುತ್ತಿಲ್ಲ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.